ಮಂಜುವಿನ ಫ್ಲೆಕ್ಸ್ ಇಳಿಸಿದ ದಿನ

ಬದುಕಿರುವ ಮನುಷ್ಯನ ಫ್ಲೆಕ್ಸ್ ಇಳಿಸುವುದು ಇಷ್ಟು ಕಷ್ಟ ಅಂತ ನನಗೆ ಕಳೆದ ವಾರದವರೆಗೂ ಗೊತ್ತಿರಲಿಲ್ಲ.

ಹಾಕುವುದು ಸುಲಭ. ಹಿರಿಯೂರಿನಿಂದ ಹೊಳಲ್ಕೆರೆವರೆಗೆ ಯಾವ ಸರ್ಕಲ್ಲಿನಲ್ಲಾದರೂ ನಿಂತು ನೋಡಿ. ಹುಟ್ಟುಹಬ್ಬಕ್ಕೊಂದು, ಗೃಹಪ್ರವೇಶಕ್ಕೊಂದು, ಪಂಚಾಯ್ತಿ ಎಲೆಕ್ಷನ್ ಗೆದ್ದಿದ್ದಕ್ಕೊಂದು, ಸೋತವರದ್ದೂ ಒಂದು. ಕೆಳಗೆ ಕೂಲಿಂಗ್ ಗ್ಲಾಸ್ ಹಾಕಿಕೊಂಡ ಶುಭ ಕೋರುವವರ ಸಾಲು. (ನಮ್ಮ ಯಜಮಾನರೂ ಒಂದು ಸಲ ಬೀದಿ ಗಣೇಶನ ಫ್ಲೆಕ್ಸಿನಲ್ಲಿ ಬಂದಿದ್ದರು. ಕಂಬಕ್ಕೆ ಕಟ್ಟಿದ ಮೇಲೆ ಅವರ ಒಂದು ಕಿವಿ ಮಾತ್ರ ಕಾಣುತ್ತಿತ್ತು.)

ಆದರೆ ಈ ಫ್ಲೆಕ್ಸ್ ಬೇರೆ. ಇದರಲ್ಲಿದ್ದವನು ನಮ್ಮ ಮಂಜು.

ಮಂಜು ಗಡಿ ಕಾಯುವ ಪಡೆಯಲ್ಲಿದ್ದಾನೆ. ಯಲ್ಲದಕೆರೆ ಕಡೆಯ, ಕುರಿ ಸಾಕುವ ಮನೆಯವನು. (ಹೆಸರು ಬದಲಾಯಿಸಿದ್ದೇನೆ. ಊರು ಯಾವುದು ಅಂತಲೂ ಬಿಡಿಸಿ ಹೇಳುವುದಿಲ್ಲ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.) ಮಗಳನ್ನು ದುರ್ಗದಲ್ಲಿ ಓದಿಸಬೇಕು ಅಂತ ಅವನ ಹೆಂಡತಿ ರೇಣುಕಾ ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿದ್ದಾಳೆ. ರಜೆಗೆ ಬಂದಾಗ ಮಂಜು ನಮ್ಮ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಾನೆ. ಕುರ್ಚಿ ಕೊಟ್ಟರೂ ಬೇಡ ಅನ್ನುತ್ತಾನೆ.

ನಮ್ಮ ಯಜಮಾನರು ಅವನನ್ನು ಕರೆಯುವುದೇ "ಏನಪ್ಪ ಮಿಲಿಟರಿ" ಅಂತ. ಅವನು ಪ್ರತಿ ಸಲ ನಗುತ್ತಾ, ನಾವು ಮಿಲಿಟರಿ ಅಲ್ಲ ಸಾರ್, ಗಡಿ ಪಡೆಯೋರು ಅಂತ ತಿದ್ದುತ್ತಾನೆ. ಎರಡೂ ಒಂದೇ ಅಲ್ಲವಾ ಅಂತ ನಾನೇ ಕೇಳಿದ್ದೆ. ಅಲ್ಲವಂತೆ. ಸ್ವಾತಂತ್ರ್ಯ ಬಂದ ಮೇಲೂ ಎಷ್ಟೋ ವರ್ಷ ಗಡಿ ಕಾಯುತ್ತಿದ್ದವರು ಆಯಾ ರಾಜ್ಯದ ಪೊಲೀಸರು. ಒಂದೊಂದು ರಾಜ್ಯದ್ದು ಒಂದೊಂದು ಪದ್ಧತಿ. ಅರವತ್ತೈದರಲ್ಲಿ ಆ ಕಡೆಯವರು ನುಗ್ಗಿದಾಗ ಇದು ಸಾಲದು ಅಂತ ಅರ್ಥವಾಯಿತು. ಯುದ್ಧ ಮುಗಿದ ಮೇಲೆ ಗಡಿಗೆ ಅಂತಲೇ ಬೇರೆ ಪಡೆ ಕಟ್ಟಿದರು. ಅದು ಗೃಹ ಇಲಾಖೆಗೆ ಸೇರಿದ್ದು. ಯುದ್ಧ ಬಂದರೆ ಸೈನ್ಯದ ಜೊತೆ ನಿಲ್ಲುತ್ತದೆ. ಯುದ್ಧ ಇಲ್ಲದ ದಿನವೂ ಅಲ್ಲೇ ನಿಂತಿರುತ್ತದೆ.

ನಮ್ಮ ಕಾನ್ವೆಂಟಿನಲ್ಲಿ ಭೂಗೋಳದ ಸಿಸ್ಟರ್ ಭಾರತದ ಮ್ಯಾಪ್ ಬರೆಸುತ್ತಿದ್ದರು. ಗಡಿಗೆ ಒಂದು ಗೆರೆ, ಒಂದು ಚುಕ್ಕೆ, ಮತ್ತೆ ಗೆರೆ, ಮತ್ತೆ ಚುಕ್ಕೆ. ಪೆನ್ಸಿಲ್ ಚೂಪಾಗಿರಬೇಕು, ಚುಕ್ಕೆ ದಪ್ಪವಾದರೆ ಕಿವಿ ಹಿಂಡುತ್ತಿದ್ದರು. ಆ ಚುಕ್ಕೆಗೂ ಗೆರೆಗೂ ನಡುವೆ ಒಬ್ಬ ಮನುಷ್ಯ ನಿಂತಿರುತ್ತಾನೆ ಅಂತ ಸಿಸ್ಟರ್ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮಂಜು ಹೇಳಿದ ಕೆಲಸ ಕೇಳಿದರೆ ಯುದ್ಧದ ಹಾಗೇ ಇರಲಿಲ್ಲ. ತಂತಿಬೇಲಿಯ ಆಚೆಗೂ ನಮ್ಮ ರೈತರ ಹೊಲಗಳಿರುತ್ತವಂತೆ. ಬೆಳಿಗ್ಗೆ ಗೇಟು ತೆಗೆದು, ಎಲ್ಲರನ್ನೂ ತಪಾಸಣೆ ಮಾಡಿ ಬಿಡಬೇಕು. ಸಂಜೆ ಅಷ್ಟೂ ಜನ ವಾಪಸ್ ಬಂದರಾ ನೋಡಬೇಕು. ಕುರಿ ಎಣಿಸಿ ಬಿಟ್ಟು ಎಣಿಸಿ ಕೂಡಿ ಹಾಕಿದಂಗೆ ಅಕ್ಕಾ, ಅಂದಿದ್ದ. ಬೇಲಿಯ ಉದ್ದಕ್ಕೂ ಮಣ್ಣು ಸಮ ಮಾಡಿ ಬಿಟ್ಟಿರುತ್ತಾರೆ. ಬೆಳಿಗ್ಗೆ ಅದರ ಮೇಲೆ ಬಗ್ಗಿ ಬಗ್ಗಿ ನೋಡುತ್ತಾ ಹೋಗಬೇಕು. ನರಿಯದಾ, ನಾಯಿಯದಾ, ಮನುಷ್ಯನದಾ? ಯಾರದಾದರೂ ಹೆಜ್ಜೆ ಮೂಡಿದೆಯಾ?

ಇಷ್ಟೆಲ್ಲ ಹೇಳುವವನು ಒಂದನ್ನು ಮಾತ್ರ ಹೇಳುತ್ತಿರಲಿಲ್ಲ. ಎಲ್ಲಿ ಪೋಸ್ಟಿಂಗ್ ಅಂತ ಕೇಳಿದರೆ "ಬಾರ್ಡರ್‌ನಾಗೆ ಅಕ್ಕಾ" ಅಂದು ಲೋಟ ತೊಳೆಯಲು ಎದ್ದುಬಿಡುತ್ತಿದ್ದ.

ಈಗ ಕಳೆದ ವಾರಕ್ಕೆ ಬರುತ್ತೇನೆ.

ಗಡಿಯಲ್ಲಿ ಗಲಾಟೆ ಅಂತ ಟಿವಿಯಲ್ಲಿ ಸೈರನ್ ಶುರುವಾಗಿತ್ತು. (ಸೈರನ್ ಸ್ಟುಡಿಯೋದ್ದು. ಆದರೂ ಎದೆ ಹೊಡೆದುಕೊಳ್ಳುತ್ತದಲ್ಲ?) ಮಂಜುವಿನ ಫೋನ್ ನಿಂತುಹೋಗಿತ್ತು. ಮೇಲಿನಿಂದ ರೇಣುಕಾ ನಡೆಯುವ ಸದ್ದು ಕೇಳುತ್ತಿತ್ತು. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿಂದ ಅಡುಗೆಮನೆಗೆ. ಅವಳ ಮನೆಯಲ್ಲಿ ಒಗ್ಗರಣೆ ಸದ್ದು ಕೇಳಿ ಎಷ್ಟು ಹೊತ್ತಾಯಿತು ಅಂತ ನಾನು ಲೆಕ್ಕ ಹಾಕುತ್ತಿದ್ದೆ.

ಬೇಳೆ ಕುಕ್ಕರಿಗಿಟ್ಟು ಫೋನ್ ತೆಗೆದೆ. ಹಿಂದಿನ ದಿನ ರೇಣುಕಾ ಹಾಕಿದ್ದ ಸ್ಟೇಟಸ್. ಕೊನೆಯ ಸಲ ವಿಡಿಯೋ ಕಾಲ್ ಬಂದಾಗ ತೆಗೆದಿಟ್ಟುಕೊಂಡಿದ್ದ ಫೋಟೋ. ಯೂನಿಫಾರ್ಮಿನಲ್ಲಿ ಮಂಜು, ಸ್ವಲ್ಪ ಸೊರಗಿದ್ದಾನೆ, ಮೀಸೆ ದಪ್ಪ ಬಿಟ್ಟಿದ್ದಾನೆ. ಕೆಳಗೆ "ಬೇಗ ಬಾ" ಅಂತ, ಒಂದು ಕೆಂಪು ಹಾರ್ಟು.

ಚೆನ್ನಾಗಿದೆ ಅಂದುಕೊಂಡೆ. ಆಮೇಲೆ ನನ್ನ ಹಾಳು ಅಭ್ಯಾಸ. ಯಾರ ಮನೆಯ ಫೋಟೋ ನೋಡಿದರೂ ಹಿಂದೆ ಯಾವ ಪರದೆ, ಯಾವ ಶೆಲ್ಫು ಅಂತ ನೋಡುವುದು. ಮಂಜುವಿನ ಎಡಗಿವಿಯ ಹಿಂದೆ ಕಾವಲು ಗೋಪುರ ಇತ್ತು. ಅದರ ಪಕ್ಕ ನೀರಿನ ಟ್ಯಾಂಕು. ಟ್ಯಾಂಕಿನ ಮೇಲೆ ಬಿಳಿ ಬಣ್ಣದಲ್ಲಿ ಪೋಸ್ಟಿನ ಹೆಸರು, ಒಂದು ನಂಬರು. ದೊಡ್ಡದು ಮಾಡಿ ನೋಡಿದೆ. ಕನ್ನಡಕ ಇಲ್ಲದೆ ನನಗೇ ಓದಲು ಬಂತು.

ಒಲೆ ಆರಿಸಿ ಮೇಲೆ ಓಡಿದೆ.

ರೇಣುಕಾ ನೋಡಿದಳು. ನಾನು ಅವನ ಮುಖ ಬಿಟ್ಟು ಬೇರೇನೂ ನೋಡೇ ಇಲ್ಲ ಅಕ್ಕಾ, ಅಂದಳು. ಅಳಿಸಿದಳು. ಸದ್ಯ ಅಂತ ನಾನು ಅವಳ ಮಂಚದ ಮೇಲೆ ಕೂತೆ. ಅಷ್ಟರಲ್ಲಿ ಅವಳ ಮೈದುನ ಶಿವು ಊರಿನಿಂದ ಒಂದು ಫೋಟೋ ಕಳಿಸಿದ.

ಬಸ್ ಸ್ಟಾಪಿನ ಪಕ್ಕ ಮನೆಯಷ್ಟು ಎತ್ತರದ ಫ್ಲೆಕ್ಸ್. ಅದೇ ಸ್ಟೇಟಸ್ಸಿನ ಫೋಟೋ. ಟ್ಯಾಂಕು, ಗೋಪುರ, ಎಲ್ಲಾ ಸಮೇತ. ಸಾಲದು ಅಂತ ಟ್ಯಾಂಕಿನ ಮೇಲಿದ್ದ ಹೆಸರನ್ನು ಹುಡುಗರು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಿದ್ದರು: ಇಂಥಾ ಪೋಸ್ಟಿನಲ್ಲಿ ಶತ್ರುಗಳಿಗೆ ಎದೆಯೊಡ್ಡಿ ನಿಂತಿರುವ ನಮ್ಮೂರ ಹುಲಿ. (ಆ ಹೆಸರು ಇಲ್ಲಿ ಬರೆದರೆ ನಾನೂ ಅದೇ ಕೆಲಸ ಮಾಡಿದ ಹಾಗೆ.) ಮೇಲೊಂದು ಸೇವಂತಿಗೆ ಹಾರ.

ರೇಣುಕಾ ಟ್ಯಾಂಕು ನೋಡಲಿಲ್ಲ, ಅಕ್ಷರ ನೋಡಲಿಲ್ಲ. "ಹಾರ ಯಾಕೆ ಹಾಕಿದಾರೆ ಅಕ್ಕಾ?" ಅಂದಳು.

ಶಿವುಗೆ ಫೋನ್ ಮಾಡಿ ಇಳಿಸಪ್ಪ ಅಂದರೆ, ಈಗಷ್ಟೇ ಕಾಯಿ ಒಡೆದಿದ್ದೇವೆ ಅಂದ. ಮಗುವನ್ನು ನಮ್ಮ ಯಜಮಾನರ ಹತ್ತಿರ ಬಿಟ್ಟು ಇಬ್ಬರೂ ಹಿರಿಯೂರು ಬಸ್ ಹತ್ತಿದೆವು. ದಾರಿಯುದ್ದಕ್ಕೂ ಅವಳು ಮಂಜುವಿನ ನಂಬರು ಒತ್ತುತ್ತಿದ್ದಳು. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ. ಆ ರೆಕಾರ್ಡಿಂಗ್ ಹೆಣ್ಣುಮಗಳ ದನಿ ಎಷ್ಟು ತಣ್ಣಗಿರುತ್ತದೆ ಗಮನಿಸಿದ್ದೀರಾ? ಮುಂದಿನ ಸೀಟಿನಲ್ಲಿ ಒಬ್ಬರು ಜೋರಾಗಿ ನ್ಯೂಸ್ ಹಾಕಿಕೊಂಡಿದ್ದರು. ಹೊಡೆದು ಹಾಕಬೇಕು ಅಂತ ಪಕ್ಕದವರ ತೊಡೆ ತಟ್ಟುತ್ತಿದ್ದರು. ರೇಣುಕಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು.

ಊರಲ್ಲಿ ಹುಡುಗರು ಫ್ಲೆಕ್ಸಿನ ಕೆಳಗೇ ಕೂತಿದ್ದರು. ಒಳ್ಳೆಯ ಹುಡುಗರು, ಸುಮ್ಮನೆ ಹೇಳಬಾರದು. ತಾವೇ ದುಡ್ಡು ಹಾಕಿ ಮಾಡಿಸಿದ್ದು. ವಿಷಯ ತಿಳಿಸಿದ ಮೇಲೆ ಪೆಚ್ಚಾದರು. ಆದರೆ ಇಳಿಸಲು ಯಾರೂ ಏಳಲಿಲ್ಲ.

"ಹಾರ ಹಾಕಿ, ಕಾಯಿ ಒಡೆದು ಕಟ್ಟಿರದು ಅತ್ತಿಗೆ," ಅಂದ ಶಿವು. "ಅಣ್ಣ ಅಲ್ಲಿ ಹಂಗಿರುವಾಗ ಇಳಿಸಾದು ಅಪಶಕುನ ಆಗ್ತೈತೆ."

ಹಾಗಾದರೆ ಆ ಹೆಸರಿನ ಭಾಗ ಮಾತ್ರ ಕೊಯ್ದು ಹಾಕೋಣ ಅಂದೆ. ಒಬ್ಬ ಬ್ಲೇಡು ತಂದ. ಆದರೆ ಟ್ಯಾಂಕು ಕಿವಿಗೆ ಅಂಟಿಕೊಂಡ ಹಾಗೇ ಇತ್ತು. ಬ್ಲೇಡು ಕೈಯಿಂದ ಕೈಗೆ ಹೋಯಿತು. ಯಾರಿಗೂ ಆಗಲಿಲ್ಲ. ರೇಣುಕಾ ಹತ್ತಿರ ಹೋಗಿ ಕೈ ಎತ್ತಿದವಳು ಹಾಗೇ ನಿಂತುಬಿಟ್ಟಳು. ಅವಳ ತಲೆ ಅವನ ಷರ್ಟಿನ ಗುಂಡಿಗೂ ಮುಟ್ಟುತ್ತಿರಲಿಲ್ಲ.

ನನಗೆ ನಗು ಬರಬೇಕಿತ್ತು. ಕಾನ್ವೆಂಟಿನಲ್ಲಿ ಓದಿದವಳು, ಶಕುನ ನಂಬುವುದಿಲ್ಲ ಅಂತ ಹೇಳಿಕೊಂಡು ತಿರುಗುವವಳು. ಬ್ಲೇಡು ನನ್ನ ಕೈಗೆ ಬಂತು. ನನಗೂ ಆಗಲಿಲ್ಲ.

ಅಷ್ಟರಲ್ಲಿ ಮಂಜುವಿನ ತಾಯಿ ಕರಿಯಮ್ಮ ಕುರಿ ಹೊಡೆದುಕೊಂಡು ಬಂದರು. ಹೆಗಲ ಮೇಲೆ ಒಂದು ಎಳೆಮರಿ. ಗುಂಪು ನೋಡಿದ ಕೂಡಲೇ ಕುರಿಗಳನ್ನು ಅಲ್ಲೇ ಬಿಟ್ಟು ನಮ್ಮ ಕಡೆ ದಾಪುಗಾಲಿಟ್ಟರು. ಏನೂ ಆಗಿಲ್ಲ ಅತ್ತೆ, ಫೋನ್ ಬಂದಿಲ್ಲ ಅಷ್ಟೇ, ಅಂತ ರೇಣುಕಾ ಓಡಿಹೋಗಿ ಹೇಳಿದಳು. ಆಮೇಲೆ ಫ್ಲೆಕ್ಸಿನ ಕಥೆ ಹೇಳಿದಳು. ಕರಿಯಮ್ಮ ಮಗನ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡರು.

"ಅದ್ನ ನೋಡಿದ್ರೆ ಅವನೆಲ್ಲವ್ನೆ ಅಂತ ಗೊತ್ತಾಗ್ತೈತಾ?"

"ಗೊತ್ತಾಗ್ತೈತೆ ಅತ್ತೆ."

ಕರಿಯಮ್ಮ ಶಿವುನ ಕಡೆ ತಿರುಗಿದರು. "ರಾತ್ರಿ ಕುರಿ ಯಾರ ಹೊಲ್ದಾಗೆ ನಿಲ್ಲಿಸ್ತೀವಿ ಅಂತ ಸಂತ್ಯಾಗೆ ಸಾರ್ತೀಯೇನಲೇ? ಕಳ್ಳ ಕೇಳಿದ್ರೆ ಏನ್ ಗತಿ ಅಂತ ನಿಮ್ಮಪ್ಪ ನಿಂಗೆ ಕಲಿಸ್ನಿಲ್ವ?"

ಶಿವು ತಲೆ ತಗ್ಗಿಸಿದ. ಅಲ್ಲಿ ಕುರಿ ಮನೆಯವರೆಲ್ಲರಿಗೂ ಇದು ಗೊತ್ತಿರುವ ಕಟ್ಟುಪಾಡು. ಮಂದೆ ಗೊಬ್ಬರಕ್ಕೆ ಯಾರ ಹೊಲದಲ್ಲಿ ತಂಗುತ್ತದೆ ಅಂತ ಹೋಟೆಲಿನಲ್ಲಿ, ಬಸ್ಸಿನಲ್ಲಿ ಬಾಯಿ ಬಿಡುವುದಿಲ್ಲ. ಕುರಿಗೆ ಇಟ್ಟುಕೊಂಡ ಎಚ್ಚರ ಅಣ್ಣನಿಗೆ ಯಾಕೆ ಮರೆತುಹೋಯಿತು? ಬೈಯಲು ಹೋಗುವುದಿಲ್ಲ. ಹೆಮ್ಮೆ ಅಂದರೆ ನಮಗೆಲ್ಲ ಹಾಗೇ. ಯಾರಾದರೂ ನೋಡದಿದ್ದರೆ ಅದು ಹೆಮ್ಮೆ ಅನ್ನಿಸುವುದೇ ಇಲ್ಲ.

ಕರಿಯಮ್ಮ ಮರಿಯನ್ನು ನನ್ನ ಕೈಗೆ ಕೊಟ್ಟರು. (ಬಿಸಿಯಾಗಿತ್ತು. ಅದರ ಎದೆಯೂ ನನ್ನ ಎದೆಯ ಹಾಗೇ ಹೊಡೆದುಕೊಳ್ಳುತ್ತಿತ್ತು.) ಬ್ಲೇಡು ಬೇಡ ಅಂದರು. ಮೊದಲು ಹಾರ ತೆಗೆಸಿದರು. ಆಮೇಲೆ ಕಂಬದ ಗಂಟುಗಳನ್ನು ಒಂದೊಂದಾಗಿ, ತೊಟ್ಟಿಲ ಹಗ್ಗ ಬಿಚ್ಚುವ ಹಾಗೆ ಬಿಚ್ಚಿದರು. ಮೇಲಿನ ಗಂಟು ಬಿಚ್ಚಲು ಶಿವು ತಾನೇ ಹತ್ತಿದ. ಫ್ಲೆಕ್ಸಿನಲ್ಲಿದ್ದ ಮಂಜು ನೆಲಕ್ಕೆ ಬೀಳದ ಹಾಗೆ ಕೆಳಗೆ ಎಲ್ಲರೂ ಕೈಯೊಡ್ಡಿ ನಿಂತೆವು. ಅದನ್ನು ಸುತ್ತಿ ಮನೆಗೆ ಒಯ್ದು, ಮುಖ ಒಳಗೆ ಬರುವ ಹಾಗೆ ಮರಿಗಳ ಗೂಡಿನ ಮೇಲೆ ಹೊದಿಸಿದರು.

"ಮರಿ ನೋಡ್ಕಂಡಿರ್ಲಿ ಬಿಡ್ರಿ ಅಮ್ಮಾ," ಅಂದರು ನನಗೆ. "ಅವು ಯಾರಿಗೂ ಹೇಳಲ್ಲ."

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ನೆಮ್ಮದಿಯಾಗಿ ಸಾರು ಮಾಡಿಕೊಂಡಿರುತ್ತಿದ್ದೆ.

ಭಾನುವಾರ ಮಂಜುವಿನ ಫೋನ್ ಬಂತು. ರೇಣುಕಾ ಚಪ್ಪಲಿ ಇಲ್ಲದೆ ಕೆಳಗೆ ಓಡಿಬಂದು ಸ್ಪೀಕರ್ ಹಾಕಿದಳು. ಆರಾಮ ಇದೀನಿ, ಪಾಪು ಹೆಂಗೈತೆ, ಅವ್ವ ಉಂಡಳಾ, ಎಲ್ಲಾ ಕೇಳಿದ. ಮುಚ್ಚಿಡಬಾರದು ಅಂತ ಅವಳು ಅಳುತ್ತಲೇ ಎಲ್ಲಾ ಹೇಳಿದಳು.

"ಎಷ್ಟೊತ್ತು ಇತ್ತು ಅದು?" ಅಂದ.

ಸಿಟ್ಟಿರಲಿಲ್ಲ ದನಿಯಲ್ಲಿ. ಮಗು ಏನೋ ನುಂಗಿದೆ ಅಂದಾಗ ಡಾಕ್ಟರು ಕೇಳುತ್ತಾರಲ್ಲ, ಹಾಗಿತ್ತು.

"ಬೆಳಗ್ಗಿಂದ ಮದ್ಯಾನದ ತಂಕ."

"ಯಾರಾರು ಫೋಟೋ ತಕ್ಕಂಡ್ರು?"

ರೇಣುಕಾ ನನ್ನ ಮುಖ ನೋಡಿದಳು. ಶಿವು ಕಳಿಸಿದ ಫೋಟೋ ಇನ್ನೂ ಅವಳ ಫೋನಿನಲ್ಲೇ ಇತ್ತು. ಈಗ ಫೋನ್ ಇಡಬೇಕು ಅಂದ. ಇಟ್ಟ.

ಅವನ ಮೇಲಿನವರಿಗೆ ಗೊತ್ತಾದರೆ ಕೆಲಸದ ಗತಿ ಏನು? ಆ ಕಡೆಯವರಿಗೆ ಗೊತ್ತಾದರೆ? ಎರಡನೆಯದನ್ನು ನಾವು ಬಾಯಿಬಿಟ್ಟು ಆಡಲಿಲ್ಲ.

ಅದೇ ಸಂಜೆ ಹೊಸದುರ್ಗದಿಂದ ನನ್ನ ಚಿಕ್ಕಮ್ಮನ ಮಗಳು ಒಂದು ಮೆಸೇಜ್ ಕಳಿಸಿದಳು. ನಮ್ಮ ಜಿಲ್ಲೆಯ ಹುಲಿ, ಹೆಮ್ಮೆಯಿಂದ ಶೇರ್ ಮಾಡಿ. ಅದೇ ಫ್ಲೆಕ್ಸ್, ಅದೇ ಟ್ಯಾಂಕು. ಎಲ್ಲಿಂದ ಬಂತು ಅಂತ ಕೇಳಿದರೆ ಹೊಳಲ್ಕೆರೆಯ ಯಾವುದೋ ಗ್ರೂಪಿನಿಂದ ಅಂದಳು. ಅವರಿಗೆ ಯಾರು ಕಳಿಸಿದರು ಅಂತ ಅವಳಿಗೂ ಗೊತ್ತಿಲ್ಲ. ಕಂಬದ ಗಂಟನ್ನು ಕರಿಯಮ್ಮ ಬಿಚ್ಚಿದರು. ಈ ಗಂಟನ್ನು ಯಾರು ಬಿಚ್ಚಬೇಕು?

ಇದನ್ನು ಬರೆಯುವಾಗ ಮೇಲೆ ರೇಣುಕಾ ಮತ್ತೆ ನಡೆಯುತ್ತಿದ್ದಾಳೆ. ಬಾಗಿಲಿಗೆ, ಅಡುಗೆಮನೆಗೆ. ಮಂಜು ಅಲ್ಲೆಲ್ಲೋ ಬಗ್ಗಿ, ಮಣ್ಣಿನ ಮೇಲೆ ಬೇರೆಯವರ ಹೆಜ್ಜೆ ಹುಡುಕುತ್ತಿರುತ್ತಾನೆ. ಅವನ ಹೆಜ್ಜೆಯನ್ನು ಇಲ್ಲಿ ನಾವೇ ಊರೂರಿಗೆ ತೋರಿಸುತ್ತಿದ್ದೇವೆ.

ಪೇಪರು ಮಡಚಿಡುವ ಮೊದಲು, ಆ ಫ್ಲೆಕ್ಸಿನ ಫೋಟೋ ನಿಮ್ಮ ಫೋನಿಗೂ ಬಂದಿದೆಯಾ ಒಂದು ಸಲ ನೋಡುತ್ತೀರಾ?