ಅರ್ಧಕ್ಕೆ ನಿಂತ ದೆವ್ವದ ಕಥೆ

ಆ ವರ್ಷಗಳಲ್ಲಿ ದೆವ್ವದ ಸಿನಿಮಾಗಳದೇ ಸುಗ್ಗಿ. ಗೋಕಾಕದ ಟೂರಿಂಗ್ ಟಾಕೀಸಿನಿಂದ ಒಂದು ದೆವ್ವ ಹೋದರೆ ಇನ್ನೊಂದು ಬರುತ್ತಿತ್ತು. ಎಲ್ಲವೂ ಹಿಂದಿ. ನನ್ನ ಹಿಂದಿ ಅಷ್ಟಕ್ಕಷ್ಟೆ, ಆದರೆ ದೆವ್ವಗಳು ಹೆಚ್ಚು ಮಾತಾಡುವುದಿಲ್ಲವಾದ್ದರಿಂದ ಅಡ್ಡಿಯಾಗಲಿಲ್ಲ. ಒಂದು ಹಾಳು ಬಂಗಲೆ, ಬಿಳಿ ಸೀರೆ, ಬಿಚ್ಚಿದ ಕೂದಲು, ಕೈಯಲ್ಲಿ ಮೇಣದ ಬತ್ತಿ, ದೂರದಿಂದ ಗೆಜ್ಜೆ ಸಪ್ಪಳ. ಹೇಳದೆ ಕೇಳದೆ ತನ್ನ ಮನಸ್ಸಿಗೆ ಬಂದಲ್ಲಿ ತಿರುಗಾಡುವ ಹೆಂಗಸನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ. ನನಗೆ ಅವಳು ಬಹಳ ಹಿಡಿಸಿದಳು.

ನಮ್ಮ ಯಜಮಾನರು ಗೋಕಾಕ ಫಾಲ್ಸಿನ ನೂಲಿನ ಮಿಲ್ಲಿನಲ್ಲಿದ್ದರು. ನಮಗಿನ್ನೂ ಮಕ್ಕಳಿರಲಿಲ್ಲ. ಮಿಲ್ಲಿನವರ ಸಾಲುಮನೆಗಳಲ್ಲಿ ಒಂದು ನಮ್ಮದು: ಒಂದೂವರೆ ಕೋಣೆ, ಓಣಿಯಲ್ಲಿ ನಳ, ತಲೆಯ ಮೇಲೆ ವಿದ್ಯುತ್ ದೀಪ. ಸಿನಿಮಾಕ್ಕೆ ಅವರೇ ಕರೆದುಕೊಂಡು ಹೋಗುತ್ತಿದ್ದರು. ಟೆಂಟಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಆಟ ಮುಗಿದು ಹೊರಗೆ ಸಿಕ್ಕಾಗ "ಹೆಂಗಿತ್ರಿ?" ಎಂದರೆ "ಚಲೋ ಇತ್ತು" ಅನ್ನುತ್ತಿದ್ದರು. ಎಲ್ಲ ಸಿನಿಮಾಕ್ಕೂ ಇದೇ ಮಾತು. ಕಡಿಮೆ ಮಾತಿನ ಮನುಷ್ಯ ಎಂದುಕೊಂಡಿದ್ದೆ.

ಅವರ ಮಾತೆಲ್ಲ ಊರಿಗಾಗಿ ಉಳಿಸಿಟ್ಟದ್ದು. ಮಿಲ್ಲಿನಿಂದ ಮೀಸೆಯಲ್ಲಿ ಅರಳೆ ಮೆತ್ತಿಕೊಂಡು ಬಂದು ಚಹಾ ಕುಡಿದರೆಂದರೆ ಶುರು. ಅವರದು ಮೂಡಲಗಿ ಕಡೆಯ ಹಳ್ಳಿ, ಕುರಿ ಸಾಕಿ ಹೊಲ ಮಾಡುವ ಮನೆತನ.

"ಊರಾಗ ಏನಿತ್ತು? ಏನೂ ಇರಲಿಲ್ಲ. ಖರೆ, ಹೊಟ್ಟಿ ತುಂಬ ಉಣತಿದ್ವಿ, ಕಣ್ಣ ತುಂಬ ನಿದ್ದಿ ಮಾಡತಿದ್ವಿ. ಇಲ್ಲಿ ಎಲ್ಲಾ ಐತಿ, ಸಮಾಧಾನ ಇಲ್ಲ."

"ಏನೂ ಇಲ್ಲದ ಊರಿಗೆ ಯಾಕ ಹೋಗೂದ್ರಿ?"

"ನಿನಗ ತಿಳಿಯಾಂಗಿಲ್ಲ ಬಿಡು."

ನನಗೆ ಚೆನ್ನಾಗಿಯೇ ತಿಳಿದಿತ್ತು. ನಾನು ಹತ್ತರಗಿ ಹತ್ತಿರದ ಹಳ್ಳಿಯಲ್ಲಿ ಬೆಳೆದವಳು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಕೊಡ ಹೊತ್ತವಳು. ಸರಳ ಜೀವನವನ್ನು ಹೊಗಳುವವರು ಆ ಜೀವನಕ್ಕೆ ನೀರು ತರುವವರು ಯಾರೆಂದು ಹೇಳುವುದಿಲ್ಲ.

ಆದರೂ ಅವರ ಹಟವೇ ಗೆದ್ದಿತು. ಬೇಸಿಗೆಯಲ್ಲಿ ರಜೆ ಹಾಕಿ ಊರಿಗೆ ಹೋಗುವುದು, ಮನಸ್ಸಿಗೆ ಬಂದರೆ ನೌಕರಿಗೆ ಶರಣು ಹೊಡೆದು ಅಲ್ಲೇ ಉಳಿಯುವುದು ಎಂದು ಠರಾಯಿಸಿದರು. ನಾನು ಗಂಟುಮೂಟೆ ಕಟ್ಟುವಾಗ ದೀಪದ ಗುಂಡಿಯನ್ನು ಎರಡು ಸಲ ಒತ್ತಿ ನೋಡಿದೆ. ಅದನ್ನು ಬಿಟ್ಟು ಬರುವುದಕ್ಕೆ ನನಗೆ ಅಳುವೇ ಬಂದಿತ್ತು.

ಊರಿನಲ್ಲಿ ಬಾವನವರು, ಅವರ ಹೆಂಡತಿ ಅಂದರೆ ನನ್ನ ನೆಗೆಣ್ಣಿ, ಮತ್ತು ಕುರಿಗಳು. ಬಿತ್ತುವ ಮೊದಲು ಗೊಬ್ಬರಕ್ಕಾಗಿ ಕುರಿಗಳನ್ನು ರಾತ್ರಿ ಹೊಲದಲ್ಲೇ ತರುಬಿ ನಿಲ್ಲಿಸುತ್ತಾರೆ. ಮನೆಯ ಒಬ್ಬ ಗಂಡಸು ಜೊತೆಗೆ ಮಲಗಬೇಕು. ನೀರಿನ ಕೊಡವಂತೂ ಹಗುರವಾಗಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಮೊದಲ ದಿನವೇ ಸೊಂಟ ಹಿಡಿಯಿತು.

ಸಂಜೆ ಅಂಗಳದಲ್ಲಿ ಕಾಳು ಹಸನು ಮಾಡುತ್ತ ಕೂತಾಗ ನೆಗೆಣ್ಣಿ ಕೇಳಿದಳು: "ತಂಗಿ, ಗೋಕಾಕದಾಗ ಸಿನಿಮಾ ನೋಡತೀಯಂತಲ್ಲ, ಏನಿರತೈತಿ ಅದರಾಗ?"

ಹೇಳಿದೆ. ಬಂಗಲೆಯಿಂದ ಶುರು ಮಾಡಿ ಮೇಣದ ಬತ್ತಿಗೆ ಬರುವಷ್ಟರಲ್ಲಿ ಪಕ್ಕದ ಮನೆಯ ಹೆಂಗಸರು ಕಟ್ಟೆ ಏರಿದ್ದರು. ಗೆಜ್ಜೆ ಸಪ್ಪಳ ಬಂತು ಎಂದು ದನಿ ತಗ್ಗಿಸಿದೆ. ಒಬ್ಬಳು "ಅಯ್ಯಯ್ಯ ಸಾಕ ನಮ್ಮವ್ವಾ!" ಎಂದು ಮೊರ ಕೆಡವಿದಳು. ಕಾಳೆಲ್ಲ ಮಣ್ಣುಪಾಲು. ಯಾರೂ ಎದ್ದು ಹೋಗಲಿಲ್ಲ.

ಮರುದಿನ ಇನ್ನಷ್ಟು ಮಂದಿ ಬಂದರು. ಬಾವಿಯಲ್ಲಿ ನನ್ನ ಕೊಡ ಇನ್ಯಾರೋ ಸೇದಿಕೊಟ್ಟು "ಮುಂದೇನಾತು ಹೇಳ" ಅನ್ನತೊಡಗಿದರು. ಟೆಂಟಿನಲ್ಲಿ ನಾನು ಒಂದು ಮೂಲೆಯಲ್ಲಿ ಸೆರಗು ಕಚ್ಚಿಕೊಂಡು ಕೂತವಳು. ಇಲ್ಲಿ ನಾನು ಉಸಿರು ಬಿಡುವವರೆಗೆ ಯಾರೂ ಉಸಿರು ಬಿಡುತ್ತಿರಲಿಲ್ಲ. ನೋಡುವಾಗ ಸಿಕ್ಕ ಸುಖಕ್ಕಿಂತ ಹೇಳುವಾಗಿನ ಸುಖ ದೊಡ್ಡದಾಗಿತ್ತು. ಒಂದು ವಾರದೊಳಗೆ ನಾನು ದೀಪದ ಗುಂಡಿಯನ್ನು ಮರೆತೆ. ಇಲ್ಲೇ ಇರೋಣ ಎಂದು ಯಜಮಾನರಿಗೆ ಹೇಳುವವಳಿದ್ದೆ.

ಅಷ್ಟರಲ್ಲಿ ಒಂದು ಸಂಜೆ ಅವರೇ ಹುರುಪಿನಿಂದ "ಅಣ್ಣಾ, ಇವತ್ತ ಕುರಿ ಹಂತ್ಯಾಕ ನಾ ಹೊಕ್ಕೇನಿ" ಎಂದು ಕಂಬಳಿ ಹೊದ್ದು ಹೊರಟಿದ್ದರು. ಹೋಗುವ ಮೊದಲು ಗೋಡೆಯ ಆಚೆ ನಿಂತು ನನ್ನ ಕಥೆ ಕೇಳುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲ. ನಾನು ಹೊಸ ಕಥೆ ಹಿಡಿದಿದ್ದೆ. ಬಿಳಿ ಸೀರೆಯವಳು ಮೆಟ್ಟಿಲು ಇಳಿಯುವಲ್ಲಿಗೆ ನಿಲ್ಲಿಸಿ, ಉಳಿದದ್ದು ನಾಳೆ ಎಂದು ರೊಟ್ಟಿ ಬಡಿಯಲು ಎದ್ದೆ.

ನಾವಿನ್ನೂ ಉಣ್ಣುತ್ತಿದ್ದಾಗಲೇ ಯಜಮಾನರು ಬಾಗಿಲಲ್ಲಿ ನಿಂತಿದ್ದರು. ಕಂಬಳಿ ಇಲ್ಲ. ಒಂದೇ ಕಾಲಲ್ಲಿ ಚಪ್ಪಲಿ.

"ಗೆಜ್ಜಿ ಸಪ್ಪಳ," ಅಂದರು. "ನನ್ನ ಹಿಂದ ಬಂತು."

ಬಾವನವರು ರೊಟ್ಟಿ ಮುರಿಯುತ್ತಲೇ ಹೇಳಿದರು: "ಟಗರಿನ ಕಾಲಿಗೆ ಇವತ್ತ ಮುಂಜಾನೆ ನಾನ ಗೆಜ್ಜಿ ಕಟ್ಟೇನಿ. ಅದಕ್ಕ ನಿನ್ನ ಗುರತ ಹತ್ತಿ ಬಂದಿರಬೇಕು." ಕೈ ತೊಳೆದುಕೊಂಡು, ಕೋಲು ಹಿಡಿದು, ತಾವೇ ಹೊಲಕ್ಕೆ ಹೋದರು.

ನೆಗೆಣ್ಣಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಒಳಗೆ ಓಡಿದಳು. ಯಜಮಾನರು ನನ್ನತ್ತ ತಿರುಗಿದರು.

"ಮುಂಜಾನೆ ಬಸ್ಸಿಗೆ ಹೋಗೂಣು."

"ಇಲ್ಲೇ ಇರೂಣು ಅಂದವ್ರು ನೀವಲ್ಲೇನ್ರಿ? ನನಗೂ ಈಗ ಇಲ್ಲೇ ಇರಬೇಕನಸೈತಿ."

"ಅಲ್ಲಿ ದೀಪ ಐತಿ."

"ಇಷ್ಟು ಸಿನಿಮಾ ನೋಡೀರಿ, ಒಂದರಾಗೂ ಅಂಜಲಿಲ್ಲ. ಈಗ ಟಗರಿಗೆ ಅಂಜತೀರಿ?"

"ಎಲ್ಲಿ ನೋಡೇನಿ?" ಎಂದರು, ತೀರ ಸಣ್ಣ ದನಿಯಲ್ಲಿ. "ಗೆಜ್ಜಿ ಸಪ್ಪಳ ಬಂದ ಕೂಡಲೆ ಟವೆಲ್ ಮಾರಿ ಮ್ಯಾಲ ಎಳಕೊಂಡು ಕೂಡತಿದ್ದೆ. ಆಕಿ ಹೆಂಗ ಬರತಾಳಂತ ನೀ ಹೇಳಿದ ಮ್ಯಾಲನ ನನಗ ಗೊತ್ತಾತು."

ನನ್ನ ಕಥೆ ಹೇಳುವ ಚಂದವನ್ನು ಅವರು ಹೊಗಳಿದ್ದು ಅದೊಂದೇ ಸಲ. ನನಗೆ ನಗು ಬರಲಿಲ್ಲ. ಸಿಟ್ಟು ಬಂತು, ಆಮೇಲೆ ದುಃಖವಾಯಿತು. ವಾದ ಮಾಡಿದೆ, ಗಂಟುಮೋರೆ ಹಾಕಿದೆ. ಕತ್ತಲಿಗೆ ಅಂಜಿದ ಗಂಡಸಿನ ಮುಂದೆ ಯಾವ ವಾದವೂ ನಡೆಯುವುದಿಲ್ಲ.

ಮುಂಜಾನೆ ಹೆಂಗಸರೆಲ್ಲ ಬಸ್ಸಿನ ತನಕ ಬಂದರು. ನೆಗೆಣ್ಣಿ ಬಸ್ಸಿನ ಕಿಟಕಿ ಹಿಡಿದುಕೊಂಡೇ ಕೇಳಿದಳು: "ಮೆಟ್ಟಲ ಇಳದಾಕಿ ಏನಾದಳು? ಖರೇನ ದೆವ್ವೋ, ಮನಶ್ಯಾಳೋ? ಅಷ್ಟ ಹೇಳಿ ಹೋಗ ತಂಗಿ."

"ಅದು ಹಿಂಗ ಅವಸರದಾಗ ಹೇಳೂದಲ್ಲಕ್ಕಾ," ಅಂದೆ. ಬಸ್ಸು ಹೊರಟಿತು.

ಮನೆಗೆ ಬಂದೊಡನೆ ಯಜಮಾನರು ದೀಪದ ಗುಂಡಿ ಒತ್ತಿ ಹಾಯಾಗಿ ಕೂತರು. ಊರಿನ ಸುದ್ದಿಯನ್ನು ಅವರು ಮತ್ತೆ ಎತ್ತಲಿಲ್ಲ. ಮುಂದಿನ ತಿಂಗಳು ಟೆಂಟಿಗೆ ಹೊಸ ದೆವ್ವ ಬಂತು. ನೆರೆಮನೆಯವಳ ಜೊತೆ ಹೋಗಿ ನೋಡಿದೆ. ಬಹಳ ಚೆನ್ನಾಗಿತ್ತು. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ನಿಲ್ಲಿಸಿದರೆ ಅವರೆಲ್ಲ ಕಿರುಚಬಹುದು ಎಂದು ಲೆಕ್ಕ ಹಾಕುತ್ತಲೇ ನೋಡಿದೆ.

ಮನೆಗೆ ಬಂದಾಗ ಯಜಮಾನರು ದೀಪದ ಕೆಳಗೇ ಕೂತಿದ್ದರು.

"ಹೆಂಗಿತ್ತು?"

"ಚಲೋ ಇತ್ತು," ಅಂದೆ.

"ಕತಿ ಹೇಳಬ್ಯಾಡ."

ಕೇಳುವವರು ಮೂಡಲಗಿ ಕಡೆ ಇದ್ದರು. ಕೈಕಾಲು ತೊಳೆದುಕೊಂಡು ಬಂದು ರೊಟ್ಟಿ ಬಡಿಯಲು ಕೂತೆ.