ಎದುರು ಹೋಟೆಲಿನ ಗಿರಾಕಿ

ಎಪ್ಪತ್ತರ ದಶಕದಲ್ಲಿ ಚನ್ನಗಿರಿಯ ಬಸ್‌ ನಿಲ್ದಾಣದ ಹತ್ತಿರದ ಒಂದು ಹೋಟೆಲಿನಲ್ಲಿ ನಾವು ನಾಲ್ವರು ಮೇಷ್ಟ್ರುಗಳು ದಿನಾ ಉಣ್ಣುತ್ತಿದ್ದೆವು. ಅದರ ಯಜಮಾನರು ಮಾತ್ರ ಅಲ್ಲಿ ಉಣ್ಣುತ್ತಿರಲಿಲ್ಲ. ಒಂದು ಗಂಟೆ ಆಯಿತೆಂದರೆ ಹೆಗಲ ಟವೆಲ್ಲು ಕೊಡವಿ, ನಮ್ಮ ಎಲೆಗಳ ಕಡೆ ಕಣ್ಣೂ ಹಾಯಿಸದೆ, ರಸ್ತೆ ದಾಟಿ ಎದುರಿನ ಹೋಟೆಲಿಗೆ ಊಟಕ್ಕೆ ಹೋಗಿಬಿಡುವರು. ಸಾರಿಗೆ ಉಪ್ಪಿಲ್ಲ ಎಂದು ನಾವು ದೂರಿದರೆ ಅವರಿಗೆ ನಿಜಕ್ಕೂ ಆಶ್ಚರ್ಯ.

"ನಂಗೆ ಹೆಂಗೆ ಗೊತ್ತಾಗ್ಬೇಕ್ರಿ? ನಾನು ಇಲ್ಲಿ ಉಣ್ಣಲ್ಲ."

ಒಂದು ದಿನ ಎದುರಿನವರು ಮಗಳ ಮದುವೆಗೆಂದು ಬೀಗ ಹಾಕಿಕೊಂಡು ಹೋಗಿದ್ದರು. ನಮ್ಮ ಯಜಮಾನರು ಆ ಬೀಗವನ್ನು ಎರಡು ಸಲ ಎಳೆದು ನೋಡಿ, ಮರಳಿ ಬಂದು, ನಮ್ಮ ಬೆಂಚಿನ ತುದಿಗೆ ಕೂತರು. ನಾವು ಸರಿದು ಜಾಗ ಕೊಟ್ಟೆವು. ಅಡುಗೆಭಟ್ಟ ಬಡಿಸಿದ. ಎರಡು ತುತ್ತು ಉಂಡರು. ಮೂರನೆಯದನ್ನು ಎತ್ತಲಿಲ್ಲ. ಸಾವಿನ ಮನೆಗೆ ಮಾತಾಡಿಸಲು ಬಂದವರ ಹಾಗೆ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದರು.

"ದಿನಾ ಇದನ್ನೇ ಉಣ್ತೀರೇನ್ರಿ?" ಎಂದರು. "ನಾಳೆ ಎದುರಿನ ಹೋಟ್ಲು ತೆಗೀತಾರೆ. ನನ್ ಜತೆ ಬಂದ್ಬಿಡ್ರಿ."