ಬೆನ್ನ ಮೇಲೆ ಗುಂಡಿಯಿಟ್ಟ ಹನ್ನೆರಡು ಅಂಗಿ

ನನ್ನ ತಂಗಿ ಅಳತೆ ತಪ್ಪಿದ್ದನ್ನು ಕಂಡವರಿಲ್ಲ. ಕಾಲು ಇಂಚು ಹೆಚ್ಚುಕಮ್ಮಿಯಾದರೂ ಅವಳಿಗೆ ಊಟ ಸೇರುವುದಿಲ್ಲ. ಬೀದಿಯವರೆಲ್ಲ ಅವಳನ್ನು ಇಂಚಕ್ಕ ಎನ್ನುತ್ತಾರೆ. ಅವಳಿಗಿಂತ ಆರು ವರ್ಷ ಹಿರಿಯಳಾದ ನಾನೂ ಸಿಟ್ಟು ಬಂದಾಗ ಹಾಗೇ ಕರೆಯುತ್ತೇನೆ. ನಮ್ಮಿಬ್ಬರ ಹೊಲಿಗೆ ಅಂಗಡಿಯಲ್ಲಿ ಅಳತೆ ಮತ್ತು ಕತ್ತರಿ ಅವಳದು. ಹೊಲಿಯುವುದು, ಕಾಜಾ, ಗುಂಡಿ, ಇಸ್ತ್ರಿ, ಪೊಟ್ಟಣ ಕಟ್ಟುವುದು, ತಡವಾದರೆ ಗಿರಾಕಿಗಳಿಂದ ಬೈಸಿಕೊಳ್ಳುವುದು, ಇಷ್ಟು ಮಾತ್ರ ನನ್ನದು.

ಇಂಥವಳು ಬಸುರಿಯಾದಾಗ ಕೋಟು ಹೊಲಿಯಲು ತಯಾರಾಗುವ ಹಾಗೆಯೇ ಮಗುವಿಗೂ ತಯಾರಾದಳು. ಆಗತಾನೇ ಹುಟ್ಟಿದ ಮಕ್ಕಳ ಉದ್ದ ಎಷ್ಟು, ಎದೆಸುತ್ತು ಎಷ್ಟು ಎಂದು ಆಸ್ಪತ್ರೆಯಲ್ಲಿ ವಿಚಾರಿಸಿಕೊಂಡು ಬಂದು, ಕಾಗದದ ಮೇಲೆ ಗೆರೆ ಎಳೆದು, ಹನ್ನೆರಡು ಪುಟ್ಟ ಅಂಗಿಗಳನ್ನು ಕತ್ತರಿಸಿದಳು. ಒಂದೊಂದಕ್ಕೂ ಬೆನ್ನ ಮೇಲೆ ಸಾಲಾಗಿ ಆರು ಗುಂಡಿ. ಮುಂದೆ ಗುಂಡಿಯಿಟ್ಟರೆ ಎದೆಯ ಕಸೂತಿ ಕೆಡುತ್ತದಂತೆ. ಎಪ್ಪತ್ತೆರಡು ಕಾಜಾ ಹಾಕಿದವಳು ನಾನು. ಎರಡು ಮಕ್ಕಳನ್ನು ಹೆತ್ತ ನನಗೆ, ಕಿರುಚುವ ಕೂಸನ್ನು ಬೋರಲು ಮಲಗಿಸಿಕೊಂಡು ಬೆನ್ನ ಮೇಲೆ ಆರು ಗುಂಡಿ ಹಾಕುವುದೆಂದರೇನು ಎಂದು ಚೆನ್ನಾಗಿ ಗೊತ್ತಿತ್ತು. ಆದರೂ ತುಟಿ ಪಿಟಕ್ಕೆನ್ನಲಿಲ್ಲ. ಬಸುರಿಯ ಸಂತೋಷ ಕೆಡಿಸಬಾರದು ಎಂದು ಸುಮ್ಮನಿದ್ದೆ ಅಂತ ಎಲ್ಲರಿಗೂ ಹೇಳುತ್ತೇನೆ. ನಿಜ ಬೇರೆ. ನನಗೆ ಯಾರು ಹೇಳಿದ್ದರು, ನಾನು ಹೇಳುವುದಕ್ಕೆ?

ಮಗು ಹುಟ್ಟಿತು. ಹೆಣ್ಣು. ಗುಂಡುಗುಂಡಗೆ, ಕಾಗದದ ಲೆಕ್ಕಕ್ಕೆ ಸೊಪ್ಪು ಹಾಕದೆ ಬಂತು. ಒಂಬತ್ತು ಅಂಗಿಗಳು ತೋಳಿಗೇ ಹತ್ತಲಿಲ್ಲ. ಕೊಂಚ ದೊಡ್ಡ ಅಳತೆಯ ಉಳಿದ ಮೂರೂ, ಮೂರೇ ವಾರಕ್ಕೆ ಚಿಕ್ಕವಾದವು. ಆ ಮೂರು ವಾರದಲ್ಲೇ ಒಂದು ದಿನ ನಾನು ಅವರ ಮನೆಗೆ ಹೋದಾಗ ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ಮಗುವನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆವರು ಸುರಿಸುತ್ತಿದ್ದ. "ಅತ್ತಿಗೆ, ಇಪ್ಪತ್ತು ಅಂತಸ್ತಿನ ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರನ್ನ ಹೊರಗೆ ತೆಗೆದಿದ್ದೀನಿ. ಈ ಮೂರನೇ ಗುಂಡಿ ದಾಟೋಕಾಗ್ತಿಲ್ಲ ನನಗೆ" ಎಂದ.

ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಂಚಕ್ಕ ನಗಲಿಲ್ಲ.

"ನಿನಗೆ ಗೊತ್ತಿತ್ತು" ಎಂದಳು.

"ಏನು?"

"ಎಲ್ಲಾ. ಗುಂಡಿ ವಿಷಯ. ಹಾಲು ಕುಡಿಸುವಾಗ ಪ್ರಾಣ ಹೋಗೋ ಹಾಗೆ ನೋಯುತ್ತೆ ಅನ್ನೋದು. ಕೂತ್ರೆ ನಿಂತ್ರೆ ಸೊಂಟ ಮುರಿಯುತ್ತೆ ಅನ್ನೋದು. ಬಚ್ಚಲಿಗೆ ಹೋಗಿ ಬಾಗಿಲು ಹಾಕ್ಕೊಂಡು ಐದು ನಿಮಿಷ ಕೂತ್ರೆ ಅದೇ ಸ್ವರ್ಗ ಅನ್ನಿಸುತ್ತೆ ಅನ್ನೋದು. ಒಂದಾದ್ರೂ ಹೇಳಿದ್ಯೇನೇ, ಅಕ್ಕ?"

"ಹೇಳಿದ್ರೆ ಮಗು ವಾಪಸ್ ಕೊಟ್ಟು ಬರ್ತಿದ್ಯಾ?" ಎಂದು ನಾನು ಇನ್ನಷ್ಟು ನಕ್ಕೆ. ಆ ನಗು ಈಗ ನೆನಪಾದರೆ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳುವಂತಾಗುತ್ತದೆ.

ಮೂರು ತಿಂಗಳಿಗೆ ಅವಳು ಅಂಗಡಿಗೆ ಮರಳಿದಳು. ಬಟ್ಟೆಯ ಚೂರುಗಳನ್ನು ಹಾಕುವ ದೊಡ್ಡ ಬುಟ್ಟಿಯನ್ನು ತೊಳೆದು, ಮೆತ್ತೆ ಹಾಸಿ, ಮಗುವನ್ನು ಕತ್ತರಿಸುವ ಮೇಜಿನ ಪಕ್ಕ ಮಲಗಿಸಿದೆವು. ಅಷ್ಟರಲ್ಲಿ ಬೆನ್ನ ಗುಂಡಿಯ ಕತೆಯನ್ನು ನಾನು ಗಿರಾಕಿಗಳಿಗೆಲ್ಲ ಹೇಳಿ ನಗಿಸಿದ್ದೆ. ಆಮೇಲೆ ಶುರುವಾಯಿತು ಅವಳ ವಿಚಾರಣೆ. ಅಳತೆಗೆಂದು ಕೈ ಎತ್ತಿ ನಿಂತ ಹೆಂಗಸು, ಎದೆಗೆ ಟೇಪು ಸುತ್ತಿರುವಾಗ, ಓಡುವ ಹಾಗಿಲ್ಲ. ಆಗ ಇವಳು ಕೇಳುವಳು: "ಮಕ್ಕಳಿದ್ದಾರಾ? ಹೆರೋದಕ್ಕೆ ಮುಂಚೆ ಯಾರಾದ್ರೂ ಹೇಳಬೇಕಿತ್ತು ಅಂತ ನಿಮಗೆ ಅನ್ನಿಸಿದ್ದು ಏನು?"

ಉತ್ತರಗಳನ್ನು ಅಳತೆಚೀಟಿಯ ಹಿಂದೆ ಬರೆದುಕೊಳ್ಳುವಳು. ನಮ್ಮಲ್ಲಿ ಒಬ್ಬೊಬ್ಬರಿಗೂ ಒಂದು ಹಳದಿ ಚೀಟಿ. ಅಳತೆ ಬರೆದು ಅವರ ಬಟ್ಟೆಗೆ ಪಿನ್ನು ಚುಚ್ಚುತ್ತೇವೆ. ಕೆಲಸ ಮುಗಿದ ಮೇಲೆ ಚೀಟಿ ಬಿಚ್ಚಿ ಗೋಡೆಯ ಮೊಳೆಗೆ ಸಿಕ್ಕಿಸಿ, ಆಮೇಲೆ ಪೊಟ್ಟಣ ಕಟ್ಟುವುದು. ತರಕಾರಿ ಮಾರುವವಳ ಚೀಟಿಯ ಹಿಂದೆ ಹೀಗಿತ್ತು: "ಎಲ್ಲರೂ ಕೂಸನ್ನ ನೋಡೋಕೆ ಬಂದ್ರು. ಪಕ್ಕದ ಮನೆಯವಳು ಒಬ್ಬಳೇ ನನ್ನನ್ನ ನೋಡೋಕೆ ಬಂದು ತಲೆ ಬಾಚಿ ಹೋದ್ಲು. ಇವತ್ತಿಗೂ ಅವಳಿಗೆ ತಕ್ಕಡಿ ಒಂಚೂರು ಬಗ್ಗಿಸೇ ತೂಗ್ತೀನಿ." ಒಬ್ಬ ನರ್ಸು ಹೇಳಿದ್ದು: "ಸಾವಿರ ಮಕ್ಕಳನ್ನ ಎತ್ತಿದ್ದೀನಿ. ನನ್ನದನ್ನ ಎತ್ತೋಕೆ ಮಾತ್ರ ಇನ್ನೊಬ್ಬ ನರ್ಸನ್ನ ಕರೆದೆ."

ಉತ್ತರ ಕೊಡದವರು ಒಬ್ಬರೇ, ಶಾಲೆಯ ಹೆಡ್ ಮೇಡಂ. ಅವರು ಬೀದಿಯಲ್ಲಿ ಬಂದರೆ ನಾಯಿಗಳೂ ಸಾಲಾಗಿ ನಿಲ್ಲುತ್ತವೆ ಎಂದು ನಾವು ತಮಾಷೆ ಮಾಡುವುದುಂಟು. ಇಂಚಕ್ಕ ಕೇಳಿದ್ದಕ್ಕೆ ಅವರು ಕನ್ನಡಕದ ಮೇಲಿಂದ ನೋಡಿ, "ನೀನು ಅಳತೆ ತಗೊಳ್ಳಮ್ಮ" ಎಂದರು. ಅವರ ಚೀಟಿಯ ಹಿಂಬದಿ ಖಾಲಿ ಉಳಿಯಿತು.

ಅವರ ಕೋಟು ಮುಗಿಯಿತು, ಅವರು ಬಂದು ಪೊಟ್ಟಣ ಒಯ್ದರು. ಆ ಸಂಜೆ ಇಂಚಕ್ಕ ಮೊಳೆಯ ಮೇಲಿನ ಚೀಟಿಗಳನ್ನು ಒಂದಲ್ಲ, ಮೂರು ಸಲ ತಿರುವಿಹಾಕಿದಳು.

"ಹೆಡ್ ಮೇಡಂ ಚೀಟಿ ಎಲ್ಲಿ?"

ಆಗ ನೆನಪಾಯಿತು. ಪೊಟ್ಟಣ ಕಟ್ಟುವಾಗ ಮಗು ಅಳುತ್ತಿತ್ತು. ಕಾಲಿನಿಂದ ಬುಟ್ಟಿ ತೂಗುತ್ತಾ ಕೈಯಿಂದ ದಾರ ಸುತ್ತಿದ್ದೆ. ಚೀಟಿ ಬಿಚ್ಚಿರಲಿಲ್ಲ. "ಕೋಟಿನ ಲೈನಿಂಗ್‌ನಲ್ಲೇ ಹೋಯ್ತೇನೋ ಕಣೇ. ಅದಕ್ಕೇನು? ಅಳತೆ ಪುಸ್ತಕದಲ್ಲೂ ಇದೆಯಲ್ಲ."

ಅವಳು ಸ್ಟೂಲು ಎಳೆದುಕೊಂಡು ಕೂತಳು. ಖಾಲಿ ಇದ್ದ ಆ ಚೀಟಿಯ ಹಿಂದೆ ಅವಳು ತನ್ನ ಉತ್ತರವನ್ನು ಬರೆದಿದ್ದಳಂತೆ. ಏನೆಂದು ಮತ್ತೆ ಮತ್ತೆ ಕೇಳಿದೆ. ಕೊನೆಗೆ ಗೋಡೆ ನೋಡುತ್ತಾ ಹೇಳಿದಳು:

"ಎಲ್ಲಾ ಮಾಡ್ತೀನಿ, ಕುಡಿಸ್ತೀನಿ, ತೊಳೀತೀನಿ, ತೂಗ್ತೀನಿ. ಆದ್ರೆ ಇದು ನಂದು ಅಂತ ಇನ್ನೂ ಅನ್ನಿಸ್ತಿಲ್ಲ. ಯಾರೋ ಹೊಲಿಯೋಕೆ ಕೊಟ್ಟು ಹೋದ ಬಟ್ಟೆ ಥರ ಇದೆ. ಹಾಳಾಗದ ಹಾಗೆ ನೋಡ್ಕೋತಿದ್ದೀನಿ, ಕೊಟ್ಟೋರು ಯಾವಾಗ ಬರ್ತಾರೋ ಅಂತ ಕಾಯ್ತಿದ್ದೀನಿ. ಹೀಗೇ ಬರೆದಿದ್ದೆ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ನನಗೆ ಇಷ್ಟು ಚೆಂದದ ಮಗು ಮೇಲೇ ಪ್ರೀತಿ ಬರ್ತಿಲ್ಲ. ನಾನು ಎಂಥ ತಾಯಿ? ಇನ್ನು ಆ ಮೇಡಂ ಏನಂದ್ಕೋತಾರೋ. ಪ್ರೀತಿ ಬರದೇ ಹೋದ್ರೆ ಏನು ಮಾಡ್ಲಿ, ಅಕ್ಕ?"

ಆಗ ನಾನು ಹೇಳಬೇಕಾದ ಮಾತು ಒಂದಿತ್ತು. ಆದರೆ ನಾನು "ಎಲ್ಲಾ ಸರಿಹೋಗುತ್ತೆ, ಏಳು" ಎಂದೆ. ಹೇಡಿ ನಾನು.

ಮಾರನೆಯ ದಿನ ಬಾಗಿಲು ತೆಗೆದ ಕೂಡಲೇ ಹೆಡ್ ಮೇಡಂ ಬಂದರು, ಕೋಟು ತೊಟ್ಟುಕೊಂಡೇ. ಇಂಚಕ್ಕ ಮೇಜಿನ ಆಚೆ ಬದಿಗೆ ಸರಿದಳು. ಅವರು ಮಡಿಸಿದ ಚೀಟಿಯನ್ನು ಮೇಜಿನ ಮೇಲಿಟ್ಟು, "ತೋಳು ಸರಿಯಾಗಿದೆ" ಎಂದಷ್ಟೇ ಹೇಳಿ ಹೋಗಿಬಿಟ್ಟರು.

ಇಂಚಕ್ಕನ ಬರಹದ ಕೆಳಗೆ, ಉತ್ತರಪತ್ರಿಕೆ ತಿದ್ದುವ ಕೆಂಪು ಶಾಯಿಯಲ್ಲಿ ದುಂಡಗೆ ಬರೆದಿತ್ತು: "ನನಗೆ ಐದು ತಿಂಗಳು ಬೇಕಾಯಿತು. ಮಗಳು ಒಂದು ದಿನ ಸೀನಿದಳು. ತನ್ನ ಸೀನಿಗೆ ತಾನೇ ಬೆಚ್ಚಿ, ಯಾರು ಮಾಡಿದ್ದು ಎಂಬಂತೆ ನನ್ನ ಮುಖ ನೋಡಿದಳು. ಅವತ್ತು ಬಂತು. ಮೂವತ್ತೊಂದು ವರ್ಷದಲ್ಲಿ ಯಾರಿಗೂ ಹೇಳಿಲ್ಲ." ಕೆಳಗೆ ಸಹಿ, ತಾರೀಖು. ಅಭ್ಯಾಸಬಲ.

ಇಂಚಕ್ಕ ಅದನ್ನು ಓದಿ ಅತ್ತಳು, ಅಳುತ್ತಲೇ ಮತ್ತೆ ಓದಿದಳು. ಇನ್ನು ನನ್ನಿಂದ ತಡೆಯಲಾಗಲಿಲ್ಲ.

"ನನಗೆ ಏಳು ತಿಂಗಳು" ಎಂದೆ. "ದೊಡ್ಡವನಿಗೆ. ಅಲ್ಲೀವರೆಗೂ ಅವನು ಅತ್ರೆ, ಈ ಮನೆಗೆ ಯಾಕೆ ಬಂದ್ಯಪ್ಪ ಅಂತ ನಾನೂ ಅಳ್ತಿದ್ದೆ. ಚಿಕ್ಕವಳ ಮೇಲೆ ಮಾತ್ರ ನೋಡಿದ ತಕ್ಷಣ ಪ್ರೀತಿ ಬಂತು. ಯಾಕೆ ಅಂತ ಕೇಳಬೇಡ."

ಅವಳು ಸೀಮೆಸುಣ್ಣ ತೆಗೆದು ನನ್ನ ತಲೆಗೆ ಗುರಿಯಿಟ್ಟು ಎಸೆದಳು. ಅಳತೆ ತಪ್ಪಲಿಲ್ಲ. "ಇಷ್ಟು ವರ್ಷ ಬಾಯಿಗೂ ಕಾಜಾ ಗುಂಡಿ ಹಾಕ್ಕೊಂಡಿದ್ಯೇನೇ!"

ಹಾಗೆಂದು ಮರುದಿನವೇ ಪ್ರೀತಿ ಉಕ್ಕಿ ಹರಿಯಲಿಲ್ಲ. ದಿನಗಳು ಹೋದವು. ಮಗು ಬುಟ್ಟಿ ಮೀರಿ ಬೆಳೆಯತೊಡಗಿತು. ಅವಳು ಕೆಲಸದ ನಡುವೆ ಬಗ್ಗಿ ನೋಡುವಳು, ಹುಬ್ಬು ಗಂಟಿಕ್ಕಿಕೊಂಡು ಮತ್ತೆ ಮೇಜಿಗೆ ತಿರುಗುವಳು. ಒಳಗೊಳಗೇ ನನಗೂ ಹೆದರಿಕೆಯಿತ್ತು.

ಮಗುವಿನ ಐದನೆಯ ತಿಂಗಳಲ್ಲಿ ಹೆಡ್ ಮೇಡಂ ಸ್ಕರ್ಟಿಗೆಂದು ನೀಲಿ ಬಟ್ಟೆ ತಂದರು. ಇಂಚಕ್ಕ ಅದನ್ನು ಹರಡಿ, ಗೆರೆ ಹಾಕಿ, ಕತ್ತರಿ ಓಡಿಸುತ್ತಿದ್ದಳು. ನಾನು ಮಿಷನ್ನಿನಲ್ಲಿದ್ದೆ. ಮೇಡಂ ಬುಟ್ಟಿಯತ್ತ ಬಗ್ಗಿ ಮಗುವನ್ನು ಎತ್ತಿಕೊಂಡರು. ಹೆಗಲಿಗೆ ಒರಗಿಸಿಕೊಂಡು ಬಾಗಿಲಿನತ್ತ ನಡೆದರು. ಹೊಸ್ತಿಲು ದಾಟಿದರು. ಮೆಟ್ಟಿಲು ಇಳಿದರು.

"ಎಲ್ಲಿಗೆ ತಗೊಂಡು ಹೋಗ್ತೀರಿ! ಅದು ನಂದು!"

ಅಂಗಡಿ ಅದುರುವ ಹಾಗೆ ಕೂಗಿದವಳು ನನ್ನ ತಂಗಿ. ಕೈಯಲ್ಲಿ ಕತ್ತರಿ ಹಿಡಿದೇ ಹಾರಿ ಹೋಗಿ ಮೆಟ್ಟಿಲ ಮೇಲೆ ನಿಂತಿದ್ದಳು. ಮಗುವನ್ನು ಕಸಿದುಕೊಂಡು ಎದೆಗವಚಿಕೊಂಡ ಮೇಲೆ ತಾನು ಏನು ಕೂಗಿದೆ ಎಂಬುದು ಅವಳಿಗೆ ಹೊಳೆದಿರಬೇಕು. ಅದರ ಕತ್ತಿನ ಮಡಿಕೆಯಲ್ಲಿ ಮುಖ ಹುದುಗಿಸಿ ಬಹಳ ಹೊತ್ತು ಎತ್ತಲೇ ಇಲ್ಲ. ಮಗು ಅವಳ ಕೊರಳಲ್ಲಿದ್ದ ಟೇಪನ್ನು ಬಾಯಿಗೆ ಹಾಕಿಕೊಂಡು ಚೀಪುತ್ತಿತ್ತು.

ಬೀದಿಯಲ್ಲಿ ಹೋಗುತ್ತಿದ್ದ ಲಾರಿ ತೋರಿಸಲು ಹೊರಟಿದ್ದೆ ಎಂದರು ಮೇಡಂ. ಇದ್ದರೂ ಇರಬಹುದು. ನನಗಂತೂ ಲಾರಿಯ ಸದ್ದು ಕೇಳಿಸಿರಲಿಲ್ಲ.

ಒಳಗೆ ಮೇಜಿನ ಮೇಲೆ ನೀಲಿ ಬಟ್ಟೆ ಗೆರೆ ಬಿಟ್ಟು ಓರೆಯಾಗಿ, ಈ ಕಡೆಯಿಂದ ಆ ಕಡೆಯವರೆಗೆ ಸೀಳಿಹೋಗಿತ್ತು. ನಾನು ತಲೆಯ ಮೇಲೆ ಕೈಯಿಟ್ಟುಕೊಂಡೆ. ಮೇಡಂ ಕನ್ನಡಕ ಸರಿಮಾಡಿಕೊಂಡು ಆ ಸೀಳನ್ನು ತುದಿಯಿಂದ ತುದಿಗೆ ನೋಡಿದರು.

"ಸ್ಕರ್ಟ್ ಆಗಲ್ಲ. ಮಗುಗೆ ಅಂಗಿ ಆಗುತ್ತೆ, ಹೊಲಿ" ಎಂದರು. ಬಾಗಿಲವರೆಗೆ ಹೋಗಿ ತಿರುಗಿದರು. "ಗುಂಡಿ ಮುಂದೆ ಇಡಮ್ಮ."